ಜೀವಂತ ಬಂಗುಡೆ

ಕಳೆದ ಭಾನುವಾರ ಮಾನೇಸರ್‌ನ ನಮ್ಮ ಫ್ಲ್ಯಾಟಿನಲ್ಲಿ ಮಗ ಟಿವಿ ನೋಡುತ್ತಿದ್ದ. ಯಾವುದೋ ದೇಶದ ಸಮುದ್ರದಲ್ಲಿ ಒಬ್ಬಾತ ಜೀವಂತ ಮೀನನ್ನು ಗಾಳಕ್ಕೆ ಸಿಕ್ಕಿಸಿ ಶಾರ್ಕಿಗಾಗಿ ಕಾಯುತ್ತಿದ್ದ. "ಪಪ್ಪಾ, ಆ ಮೀನು ಯಾಕೆ ಸಾಯಲ್ಲ?" ಎಂದು ಮಗ ಕೇಳಿದ. ಕಿಟಕಿಯಾಚೆ ಅರಾವಳಿಯ ಧೂಳು. ಆದರೂ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು.

ನಾನು ಗಂಗೊಳ್ಳಿಯವನು. ಶಾರ್ಕಿಗೆ ನಮ್ಮ ಕಡೆ ತಾಟೆ ಅನ್ನುತ್ತೇವೆ. ರಜೆಯಲ್ಲಿ ಅಪ್ಪಯ್ಯ ನನ್ನನ್ನೂ ನಾಡದೋಣಿಯಲ್ಲಿ ಕರೆದೊಯ್ಯುತ್ತಿದ್ದರು. ಸಣ್ಣ ಗಾಳದಲ್ಲಿ ಹಿಡಿದ ಬಂಗುಡೆಗಳನ್ನು ಡ್ರಮ್ಮಿನಲ್ಲಿ ಬದುಕಿಸಿಡುವುದು ನನ್ನ ಕೆಲಸ. ಈಜುತ್ತಿದ್ದರೆ ಮಾತ್ರ ಬಂಗುಡೆಗೆ ಉಸಿರು. ಹಾಗಾಗಿ ಹೊಸ ನೀರು ಸುರಿಯುತ್ತಲೇ ಇರಬೇಕು.

ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಬೇಕು. ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ಬೆನ್ನಿನ ರೆಕ್ಕೆಯ ಮುಂದೆ, ಎಲುಬಿಗಿಂತ ಮೇಲೆ, ಮಾಂಸದಲ್ಲಷ್ಟೇ ಗಾಳ ದಾಟಬೇಕು. ಎಲುಬಿಗೆ ತಾಗಿದರೆ ಮೀನು ಮುಗಿಯಿತು. ಗಾಳದ ಮೊನೆ ಹೊರಗಿರಬೇಕು, ಇಲ್ಲವಾದರೆ ತಾಟೆಯ ಬಾಯಿಗೆ ನಾಟುವುದಿಲ್ಲ. ಗಾಳದ ಮೇಲೆ ಒಂದು ಮಾರು ಉಕ್ಕಿನ ತಂತಿ, ಏಕೆಂದರೆ ನೈಲಾನ್ ದಾರ ತಾಟೆಯ ಹಲ್ಲಿಗೆ ಏನೂ ಅಲ್ಲ. ಸತ್ತ ಮೀನಿಗೆ ವಾಸನೆ ಮಾತ್ರ. ಒದ್ದಾಡುವ ಮೀನಿನ ಕಂಪನ ತಾಟೆಯ ಮೈಪಕ್ಕದ ಗೆರೆಗೆ ತಿಳಿಯುತ್ತದೆ. ಅದರ ಸ್ನಾಯುಗಳ ಸಣ್ಣ ವಿದ್ಯುತ್ತನ್ನೂ ತಾಟೆಯ ಮೂತಿಯ ರಂಧ್ರಗಳು ಹಿಡಿಯುತ್ತವೆ.

"ಗಟ್ಟಿ ಹಿಡಿಬೇಡ ಮಗಾ, ಅದ್ರ್ ಜೀವ ನಿನ್ನ್ ಕೈಯಗಿತ್ತ್" ಎನ್ನುತ್ತಿದ್ದರು ಅಪ್ಪಯ್ಯ. ಅದನ್ನು ನಾನು ಕರುಣೆ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ನನ್ನ ಪ್ರಾಜೆಕ್ಟಿನ ರಿಲೀಸ್ ತಡವಾಯಿತು. ತಪ್ಪು ನನ್ನ ಅಂದಾಜಿನದು. ಕ್ಲೈಂಟ್ ಕಾಲ್‌ನಲ್ಲಿ ಮೊದಲು ಮಾತಾಡಲು ತಂಡದ ಅತಿ ಕಿರಿಯನನ್ನು ಕೂರಿಸಿದೆ. ಹಾವೇರಿ ಕಡೆಯ ಹುಡುಗ, ಊರು ಬಿಟ್ಟು ಬಂದು ಆರು ತಿಂಗಳಾಗಿತ್ತು. ಹಿಂದಿನ ಸಂಜೆ ಚಹಾ ಕುಡಿಸಿ, "ನಾನಿದ್ದೀನಿ, ಹೆದರಬೇಡ" ಅಂದೆ. ಮರುದಿನ ನಲವತ್ತು ನಿಮಿಷ ಅವನನ್ನು ಹರಿದು ತಿಂದರು. ನಾನು ಮ್ಯೂಟ್‌ನಲ್ಲಿದ್ದೆ. ಸಂಜೆ ಮತ್ತೆ ಚಹಾ ಕುಡಿಸಿದೆ, ಮುಂದಿನ ವಾರದ ಕಾಲ್‌ಗೂ ಅವನು ಬೇಕಿತ್ತಲ್ಲ. ತಿಂಗಳೊಳಗೆ ಕೆಲಸ ಬಿಟ್ಟು ಹೋದ.

ತಾಟೆಗಳ ಪರ ಈಗ ಕಾನೂನಿದೆ. 2001ರಲ್ಲಿ ವೇಲ್ ಶಾರ್ಕ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಬಂತು. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಷೇಧವಾಯಿತು. ಬಂಗುಡೆಯ ಪರ ಯಾರೂ ಮಾತಾಡಿದ್ದು ನಾನು ಕೇಳಿಲ್ಲ.

ಮಗ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. "ಸಾಯದ ಹಾಗೆ ಚುಚ್ಚೋದು ಅವರಿಗೆ ಗೊತ್ತು" ಅಂದೆ. ಅವನು ಸ್ವಲ್ಪ ಹೊತ್ತು ನೋಡಿ ಚಾನೆಲ್ ಬದಲಿಸಿದ.

ಅಂದು ರಾತ್ರಿ ಆ ಹುಡುಗನ ಹಳೆಯ ನಂಬರಿಗೆ ಮೂರು ಸಾಲು ಬರೆದೆ. ಅಂದಾಜು ತಪ್ಪಿದ್ದು ನನ್ನದು ಎಂಬುದು ಅದರಲ್ಲಿ ಮೊದಲ ಸಾಲು. ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.