ಮಾಳಿಗೆಯ ಮೇಲಿನ ಟಿಟ್ಟಿಭ

ಪಂಚತಂತ್ರದ ಟಿಟ್ಟಿಭ ಹಕ್ಕಿಯ ಕಥೆಯನ್ನು ಎಷ್ಟೋ ಮಕ್ಕಳು ಕೇಳಿರುತ್ತಾರೆ. ದಂಡೆಯಲ್ಲಿಟ್ಟ ಮೊಟ್ಟೆಗಳನ್ನು ಸಮುದ್ರ ಸೆಳೆದೊಯ್ದಾಗ ಆ ಪುಟ್ಟ ಹಕ್ಕಿ ಗರುಡನಿಗೆ ಮೊರೆಯಿಟ್ಟು ಅವನ್ನು ಮರಳಿ ಪಡೆಯಿತು. ಮರದಲ್ಲಿ ಗೂಡು ಕಟ್ಟದೆ ಬಯಲಲ್ಲೇ ಮೊಟ್ಟೆಯಿಡುವುದು ಟಿಟ್ಟಿಭದ ಕುಲಧರ್ಮ. ಕನ್ನಡ ನಾಡಿನ ಕೆರೆಯಂಗಳದಲ್ಲೂ ಅದರ ಪಾಡು ಅದೇ.

ಈ ಹಕ್ಕಿಗೆ ಯುರೋಪಿನಲ್ಲೊಬ್ಬ ಜುಟ್ಟಿನ ದಾಯಾದಿಯಿದ್ದಾನೆ. ಸ್ವಿಟ್ಜರ್ಲೆಂಡಿನಲ್ಲಿ ಅವನಿಗೆ ಸಮುದ್ರದ ಕಾಟವಿಲ್ಲ, ಮನುಷ್ಯರದುಂಟು. ನೆಚ್ಚಿದ್ದ ಜೌಗು ಹುಲ್ಲುಗಾವಲುಗಳು ಬತ್ತಿ ಹೊಲಗಳಾದವು, ಕಟ್ಟಡಗಳಾದವು. ಜಾಗ ಕಾಣದ ಹಕ್ಕಿ ಕಟ್ಟಡಗಳ ಚಪ್ಪಟೆ ಮಾಳಿಗೆಗೇ ಇಳಿಯಿತು.

ಮಾಳಿಗೆಯ ಮೇಲೆ ಹಸಿರು ಬೆಳೆಸುವುದು ಆ ದೇಶಕ್ಕೆ ಹೊಸತಲ್ಲ. ಜ್ಯೂರಿಕ್‌ನ ಮೋಸ್ ನೀರು ಶುದ್ಧೀಕರಣ ಕೇಂದ್ರದ ಛಾವಣಿಗೆ 1914ರಲ್ಲೇ ಮಣ್ಣು ಹಾಕಿದ್ದರು. ಕೆಳಗಿನ ನೀರು ತಂಪಾಗಿರಲಿ ಎಂಬುದಷ್ಟೇ ಉದ್ದೇಶ. ಆದರೆ ಅದು ಸುತ್ತಲಿನ ಹುಲ್ಲುಗಾವಲಿನದೇ ಮಣ್ಣು. ಅದರ ಜೊತೆ ಬೀಜಗಳೂ ಮೇಲೇರಿದವು. ಕೆಳಗಿನ ಹುಲ್ಲುಗಾವಲು ಅಳಿದರೂ ಮೇಲಿನದು ಉಳಿಯಿತು. ಅಲ್ಲಿ ಒಂಬತ್ತು ಬಗೆಯ ಆರ್ಕಿಡ್‌ಗಳು ಸಿಕ್ಕಿವೆ! ಬಾಸೆಲ್ ನಗರವಂತೂ 2002ರಲ್ಲಿ ಹೊಸ ಚಪ್ಪಟೆ ಮಾಳಿಗೆಗಳಿಗೆಲ್ಲ ಹಸಿರು ಹೊದಿಕೆಯನ್ನು ಕಡ್ಡಾಯ ಮಾಡಿತು.

ಹಾಗಾದರೆ ಟಿಟ್ಟಿಭದ ಕಷ್ಟ ತೀರಿತೇ? ಇಲ್ಲ. ಸಂಶೋಧಕಿ ನತಾಲಿ ಬೌಮನ್ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಕ್ಕಿಗಳು ಹಸಿರು ಮಾಳಿಗೆಗಳಲ್ಲಿ ಮೊಟ್ಟೆಯಿಡುತ್ತಿದ್ದವು, ಆದರೆ ಸಂತಾನ ಕೈಗೂಡುತ್ತಿರಲಿಲ್ಲ. ಕಾರಣ ಸರಳ. ಟಿಟ್ಟಿಭದ ತಾಯಿ ಮರಿಯ ಬಾಯಿಗೆ ಗುಟುಕು ಕೊಡುವುದಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿ ಎದ್ದು ಓಡಾಡಿ ತಾನೇ ಹುಳು ಹೆಕ್ಕಬೇಕು. ನೆಲದ ಮೇಲಾದರೆ ತಾಯಿ ಅದನ್ನು ಹುಳುವಿರುವ ತೇವದ ಕಡೆಗೆ ಕರೆದೊಯ್ಯುತ್ತದೆ. ಮಾಳಿಗೆಯಲ್ಲಿ ನಾಲ್ಕು ಹೆಜ್ಜೆಗೆ ಅಂಚು, ಅದರಾಚೆ ಪ್ರಪಾತ. ಒಂದೆರಡು ಅಂಗುಲ ಜಲ್ಲಿಮಣ್ಣಿನಲ್ಲಿ ಬರ ತಾಳುವ ಗಿಡವೇನೋ ಹಸಿರಾಗಿ ನಿಲ್ಲುತ್ತದೆ. ಆದರೆ ಹುಳುವಿಲ್ಲ, ನೀರಿಲ್ಲ. ಕಣ್ಣಿಗೆ ತೋಟ, ಮರಿಗೆ ಮರುಭೂಮಿ.

ಪರಿಹಾರ ದುಬಾರಿಯದಲ್ಲ. ಆ ಊರಿನದೇ ಮಣ್ಣು ಬೇಕು, ಅದು ಕೆಲವೆಡೆ ದಪ್ಪಗೆ, ಕೆಲವೆಡೆ ತೆಳ್ಳಗಿರಬೇಕು. ದಪ್ಪ ಮಣ್ಣಿನಲ್ಲಿ ಹುಲ್ಲು, ಹೂವು; ತೆಳು ಮಣ್ಣಿನಲ್ಲಿ ಮೊಟ್ಟೆಗೆ ಬಯಲು. ಬೀಜವಿರುವ ಒಣಹುಲ್ಲನ್ನು ಹರಡಬೇಕು, ನೀರು ನಿಲ್ಲುವ ಒಂದು ತಗ್ಗು ಬಿಡಬೇಕು. ಹುಲ್ಲು ಬಂದರೆ ಹುಳು ಬರುತ್ತದೆ, ಹುಳು ಬಂದರೆ ಮರಿ ಬದುಕುತ್ತದೆ. ಮನೆ ಕಟ್ಟಿಕೊಟ್ಟರೆ ಸಾಲದು, ಮನೆಯಲ್ಲಿ ಅನ್ನವೂ ಇರಬೇಕೆಂದು ಮಕ್ಕಳ ತಾಯಿತಂದೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕಥೆಯ ಹಕ್ಕಿಗೆ ಗರುಡನಿದ್ದ. ಮಾಳಿಗೆಯ ಮರಿ ಕೇಳುವುದು ಇನ್ನೊಂದು ಗೇಣು ಮಣ್ಣು, ಒಂದು ಬೊಗಸೆ ನೀರು.