ಸುರಪುರದಿಂದ ಡಬ್ಲಿನ್‌ವರೆಗೆ: ಪತ್ತೇದಾರಿ ಓದಿನ ದಾರಿ

ಕಮಲಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಕಲಬುರಗಿಗೆ ಬಂದಾಗ, “ಸರ್, ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಓದಬೇಕಂತ ಮಾಡೀನ್ರಿ, ಯಾವುದರಿಂದ ಸುರು ಮಾಡ್ಲಿ?” ಎಂದು ಕೇಳಿದ. ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನ ಬೆನ್ನು ಹತ್ತಿಯೇ ಓದಿನ ರುಚಿ ಕಂಡುಕೊಂಡ ಪೀಳಿಗೆ ನಮ್ಮದು. ಆದ್ದರಿಂದ ಇಂತಹ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಅವನಿಗೆ ಹೇಳಿದ್ದನ್ನೇ ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆರಂಭಕ್ಕೆ ಲಂಡನ್ನಿಗೆ ಹೋಗಬೇಕಾಗಿಲ್ಲ. ಮೊದಲು ನಮ್ಮ ಜಿಲ್ಲೆಯಲ್ಲೇ ಇದ್ದು ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಸುರಪುರದಲ್ಲಿ ‘ಟೇಲರ್ ಮಂಜಿಲ್’ ಎಂಬ ಬಂಗಲೆಯಿದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ನಿಜಾಮರ ಸೇವೆಯಲ್ಲಿದ್ದ ಆಂಗ್ಲ ಅಧಿಕಾರಿ. 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು, ಮುಂದೆ ನಿವೃತ್ತನಾಗಿ ಡಬ್ಲಿನ್ ಬಳಿ ನೆಲೆಸಿದ. ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ‘ಕನ್ಫೆಶನ್ಸ್ ಆಫ್ ಎ ಠಗ್’ ಎಂಬ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ಅಮೀರ್ ಅಲಿ ಎಂಬ ಠಗ್ಗನು ತಾನು ಮಾಡಿದ ಕೊಲೆಗಳನ್ನು ಸಾಹೇಬನೊಬ್ಬನ ಮುಂದೆ ಹೇಳಿಕೊಳ್ಳುವುದೇ ಅದರ ಕಥೆ.

ಕಥೆಯ ಸೆಳೆತ ಇಂದಿಗೂ ಕುಂದಿಲ್ಲ. ಆದರೆ ಎಚ್ಚರದಿಂದ ಓದಬೇಕು. ಠಗ್ಗರ ವಿರುದ್ಧದ ಪ್ರಕರಣಗಳು ಬಹುಮಟ್ಟಿಗೆ ನಿಂತಿದ್ದು ಮಾಫಿ ಸಾಕ್ಷಿಗಳ ಮಾತಿನ ಮೇಲೆ. ತನ್ನ ಪ್ರಾಣ ಉಳಿಸಿಕೊಳ್ಳಲು ಒಬ್ಬ ಕೈದಿ ಇನ್ನೊಬ್ಬನ ಹೆಸರು ಹೇಳಿದಾಗ ಅದನ್ನು ಎಷ್ಟು ನಂಬಬೇಕು? 1836ರ ಕಾಯಿದೆಯ ಪ್ರಕಾರ ಠಗ್ಗರ ಗುಂಪಿಗೆ ಸೇರಿದ್ದನೆಂದು ರುಜುವಾತಾದರೆ ಸಾಕು, ಆಜೀವ ಸೆರೆವಾಸ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇನ್ನೂ ಮುಂದೆ ಹೋಗಿ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಕಳ್ಳರೆಂದು ಪಟ್ಟಿಮಾಡಿತು. ಸ್ವತಂತ್ರ ಭಾರತ ಆ ಕಾಯಿದೆಯನ್ನು 1952ರಲ್ಲಿ ರದ್ದುಪಡಿಸಿತು.

ಕಾಯಿದೆ ಹೋದರೂ ಸಂಶಯ ಹೋಗಲಿಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಒಮ್ಮೆ ಪ್ರವಾಸದ ಹಣ ಕಾಣೆಯಾಯಿತು. ಎಲ್ಲರ ಕಣ್ಣೂ ಅಲೆಮಾರಿ ಕುಟುಂಬದ ಹುಡುಗನೊಬ್ಬನ ಮೇಲೆ ಬಿತ್ತು. ಅವನ ಚೀಲವೊಂದನ್ನೇ ಸುರುವಿ ನೋಡಿದರು. “ನೋಡಿದವರು ಯಾರು?” ಎಂದು ನಾನು ಕೇಳಿದರೆ ಒಬ್ಬರೂ ಉತ್ತರಿಸಲಿಲ್ಲ. ಸಂಜೆಗೆ ಹಣ ಹಾಜರಿ ಪುಸ್ತಕದ ನಡುವೆ ಸಿಕ್ಕಿತು. ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಕರೆದೆ, ಆದರೂ ಬರಲಿಲ್ಲ. ಒಳ್ಳೆಯ ಪತ್ತೇದಾರಿ ಕಾದಂಬರಿಯೂ ಇದೇ ಪ್ರಶ್ನೆಯನ್ನು ಕೇಳುತ್ತದೆ: ನೋಡಿದವರು ಯಾರು?

ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ (1868) ಅಂತಹ ಕೃತಿ. ಕಥೆ ಆರಂಭವಾಗುವುದು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ, ಆಂಗ್ಲ ಅಧಿಕಾರಿಯೊಬ್ಬ ವಜ್ರವೊಂದನ್ನು ದೋಚುವುದರೊಂದಿಗೆ. ಮುಂದೆ ಇಂಗ್ಲೆಂಡಿನ ಮನೆಯೊಂದರಲ್ಲಿ ಅದು ಕಳುವಾದಾಗ ಮೊದಲು ಸೆರೆಯಾಗುವವರು ಮೂವರು ಭಾರತೀಯರು. ಬಳಿಕ ಸಂಶಯದ ನೆರಳು ಮನೆಗೆಲಸದವಳ ಮೇಲೆ ಬೀಳುತ್ತದೆ. ನಿಜ ಎಲ್ಲಿದೆಯೆಂದು ನಾನು ಹೇಳಿಬಿಟ್ಟರೆ ಓದುಗರಿಗೆ ದ್ರೋಹವಾದೀತು.

ಕಾನನ್ ಡಾಯ್ಲ್‌ನ ಷರ್ಲಾಕ್ ಹೋಮ್ಸ್ ಎಲ್ಲರಿಗೂ ಗೊತ್ತು. ಆದರೆ ಲೇಖಕನೇ ಪತ್ತೇದಾರನಾದ ಪ್ರಸಂಗ ಎಲ್ಲರಿಗೂ ಗೊತ್ತಿರಲಾರದು. ಮುಂಬೈ ಮೂಲದ ಪಾರ್ಸಿ ಕುಟುಂಬದಿಂದ ಬಂದ ಪಾದ್ರಿಯ ಮಗ, ವಕೀಲ ಜಾರ್ಜ್ ಎಡಲ್ಜಿಗೆ 1903ರಲ್ಲಿ ಪ್ರಾಣಿಯ ಹೊಟ್ಟೆ ಸೀಳಿದನೆಂಬ ಆರೋಪದ ಮೇಲೆ ಏಳು ವರ್ಷ ಶಿಕ್ಷೆಯಾಯಿತು. ಕಣ್ಣಿನ ವೈದ್ಯನೂ ಆಗಿದ್ದ ಡಾಯ್ಲ್, ಆತ ಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಓದುವುದನ್ನು ಕಂಡ. ಇಷ್ಟು ಮಂದದೃಷ್ಟಿಯವನು ಕತ್ತಲಲ್ಲಿ ಹೊಲ ದಾಟಿ ಆ ಕೃತ್ಯ ಎಸಗುವುದು ಸಾಧ್ಯವೇ ಎಂದು 1907ರಲ್ಲಿ ಪತ್ರಿಕೆಯಲ್ಲಿ ಬರೆದ. ಅದೇ ವರ್ಷ ಎಡಲ್ಜಿಗೆ ಕ್ಷಮಾದಾನ ದೊರೆಯಿತು. ಪರಿಹಾರ ಮಾತ್ರ ದೊರೆಯಲಿಲ್ಲ. ಈ ಕಥೆಯನ್ನು ಜೂಲಿಯನ್ ಬಾರ್ನ್ಸ್‌ನ ‘ಆರ್ಥರ್ ಅಂಡ್ ಜಾರ್ಜ್’ (2005) ಕಾದಂಬರಿಯಲ್ಲಿ ಓದಬಹುದು.

ಅಗಾಥಾ ಕ್ರಿಸ್ಟಿಯ ಕೃತಿಗಳಲ್ಲಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926) ಮೊದಲು ಓದಿರಿ. ಕೊನೆಯ ಅಧ್ಯಾಯವನ್ನು ಮಾತ್ರ ಮುಂಚಿತವಾಗಿ ತೆರೆಯಬೇಡಿ. ಇತಿಹಾಸ ಕಲಿಸುವವರಿಗೆ ನಾನು ಸೂಚಿಸುವುದು ಜೋಸೆಫಿನ್ ಟೇಯ ‘ದಿ ಡಾಟರ್ ಆಫ್ ಟೈಮ್’ (1951). ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಪೊಲೀಸ್ ಅಧಿಕಾರಿಯೊಬ್ಬ, ಮಕ್ಕಳನ್ನು ಕೊಲ್ಲಿಸಿದನೆಂದು ಪಠ್ಯಪುಸ್ತಕಗಳು ಸಾರುವ ಮೂರನೆಯ ರಿಚರ್ಡ್ ದೊರೆಯ ಪ್ರಕರಣವನ್ನು ಮರುತನಿಖೆಗೆ ಎತ್ತಿಕೊಳ್ಳುತ್ತಾನೆ. ಅಚ್ಚಾದದ್ದೆಲ್ಲ ಸಾಕ್ಷ್ಯವಲ್ಲ ಎಂಬ ಪಾಠವನ್ನು ಇಷ್ಟು ಸೊಗಸಾಗಿ ಹೇಳಿದ ಪುಸ್ತಕವನ್ನು ನಾನು ಕಂಡಿಲ್ಲ.

ಹೊಸ ಕಾಲದವರಲ್ಲಿ ತಾನಾ ಫ್ರೆಂಚ್ ಅವರ ‘ಇನ್ ದ ವುಡ್ಸ್’ (2007) ಓದಿರಿ. ಡಬ್ಲಿನ್ನಿನ ಪೊಲೀಸನೊಬ್ಬನಿಗೆ ತನ್ನ ಬಾಲ್ಯದ ಗೆಳೆಯರಿಬ್ಬರು ಕಾಡಿನಲ್ಲಿ ಕಾಣೆಯಾದ ದಿನದ ನೆನಪೇ ಅಳಿಸಿಹೋಗಿದೆ. ಇಲ್ಲಿ ಸಂಶಯಕ್ಕೆ ಒಳಗಾಗುವುದು ಅವನ ಸ್ವಂತ ನೆನಪು.

ಹೊಸಬರು ಕ್ರಿಸ್ಟಿಯಿಂದ ಆರಂಭಿಸಿ ಡಾಯ್ಲ್, ಟೇ, ಫ್ರೆಂಚ್ ಎಂದು ಸಾಗಲಿ. ದಪ್ಪನೆಯ ಕಾಲಿನ್ಸ್ ಮತ್ತು ನಮ್ಮ ಟೇಲರ್‌ನನ್ನು ಕೊನೆಗಿಡಲಿ. ಓದುವಾಗ ನಿಮ್ಮ ಸಂಶಯ ಮೊದಲು ಯಾರ ಮೇಲೆ ಹೋಯಿತು, ಏಕೆ ಹೋಯಿತು ಎಂದು ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿರಿ. ಕೊಲೆಗಾರ ಸಿಕ್ಕಿದ ಮೇಲೆ ಆ ಪುಟಕ್ಕೆ ಹಿಂದಿರುಗಿ ನೋಡಿದರೆ, ನಮ್ಮೊಳಗಿನ ಪೂರ್ವಗ್ರಹವೂ ಸಿಕ್ಕಿಬೀಳುತ್ತದೆ.