ಚೇಪಾಕದ ಐವತ್ತು ರನ್ನುಗಳು

ಸೋತುಸೋತು ಹೆಸರಾದ ತಂಡವೊಂದರ ಮೇಲೆ ಮನಸ್ಸಿಟ್ಟು ಬಾಳುವುದು ಕಷ್ಟ. ಆ ತಂಡದ ಬದ್ಧ ಎದುರಾಳಿಗಳ ನಡುವೆಯೇ ಮನೆ ಮಾಡಿಕೊಂಡು ಹಾಗೆ ಬಾಳುವುದು ತಪಸ್ಸಿಗೆ ಸಮಾನ. ಶಂಕಗಿರಿಯಲ್ಲಿ ಇಂಥ ತಪಸ್ವಿಗಳು ಕೆಲವರಿದ್ದೇವೆ. ನಮ್ಮ ಮನೆಮಾತು ಕನ್ನಡ, ಬೀದಿಯ ಮಾತು ತಮಿಳು. ದುರ್ಗದ ಬೆಟ್ಟದ ಕೆಳಗೆ, ಲಾರಿಗಳು ಸಾಲಾಗಿ ನಿಲ್ಲುವ ರಸ್ತೆಯ ಪಕ್ಕದ ಚಹದಂಗಡಿಯಲ್ಲಿ ಮಾರ್ಚ್ ತಿಂಗಳು ಬಂದಿತೆಂದರೆ ಗೋಡೆಗೆಲ್ಲ ಹಳದಿ ಬಣ್ಣ. ಅಲ್ಲಿ ಕುಳಿತು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಪರವಾಗಿ ಮಾತನಾಡುವವನಿಗೆ ಚಹ ಸಿಗುತ್ತದೆ, ಮರ್ಯಾದೆ ಸಿಗುವುದಿಲ್ಲ. “ಏನು ವಾತ್ತಿಯಾರೇ, ಈ ವರ್ಷವಾದರೂ ಉಂಟೋ?” ಎಂದು ಲಾರಿಯ ಮಾಲಿಕರೊಬ್ಬರು ವರ್ಷವರ್ಷವೂ ಬಹಳ ವಿನಯದಿಂದ ಕೇಳುತ್ತಿದ್ದರು. ಆ ವಿನಯವೇ ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟುತ್ತಿತ್ತು.

ಅವರು ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. 2009, 2011, 2016 – ಮೂರು ಸಲ ಅಂತಿಮ ಪಂದ್ಯಕ್ಕೆ ಬಂದು ಮೂರು ಸಲವೂ ಬರಿಗೈಯಲ್ಲಿ ಮರಳಿದ ತಂಡ ನಮ್ಮದು. 2017ರಲ್ಲಿ ಕೋಲ್ಕತ್ತದಲ್ಲಿ ಇಡೀ ತಂಡ ಕೂಡಿ ಗಳಿಸಿದ್ದು 49 ರನ್. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಆ ವರ್ಷ ನಡೆದ ಶುಭಕಾರ್ಯವೆಂದರೆ ಹೆಸರಿನಲ್ಲಿದ್ದ ‘ಬ್ಯಾಂಗಲೂರ್’ ಹೋಗಿ ‘ಬೆಂಗಳೂರು’ ಬಂದದ್ದು. ಕಾಗುಣಿತ ತಿದ್ದುವುದೇ ಕಸುಬಾದ ನನ್ನಂಥವನಿಗೆ ಅದೂ ಒಂದು ಗೆಲುವೇ.

ನಮ್ಮ ಮನೆಯಲ್ಲಿ ಇನ್ನೊಂದು ತೊಡಕಿತ್ತು. ತಮ್ಮನ ಮಗ ಹನ್ನೊಂದು ವರ್ಷದವನು. ಶಾಲೆಯಲ್ಲಿ ಕಲಿಯುವುದು ತಮಿಳು ಮತ್ತು ಇಂಗ್ಲಿಷು. ಕನ್ನಡವನ್ನು ಅಜ್ಜಿಯೊಡನೆ ಆಡುತ್ತಾನೆ, ಓದಲಾರ. ಸಂಜೆ ಸ್ಲೇಟು ಹಿಡಿಸಿ ಕೂರಿಸಿದರೆ ‘ಅ, ಆ’ ಮುಗಿಯುವುದರೊಳಗೆ ಅವನಿಗೆ ಬಾಯಾರಿಕೆಯಾಗುತ್ತಿತ್ತು. ಅವನ ಅಂಗಿಯೂ ಹಳದಿಯೇ. ಅದಕ್ಕೆ ನಾನು ಅಡ್ಡ ಬಂದವನಲ್ಲ. ಗೆಳೆಯರ ಬಣ್ಣ ಬಿಟ್ಟು ದೊಡ್ಡಪ್ಪನ ಬಣ್ಣ ತೊಡು ಎಂದು ಮಗುವಿಗೆ ಹೇಳುವುದು ಹೇಗೆ?

2025ರ ಮಾರ್ಚ್ 22ರಂದು ಮೊದಲ ಪಂದ್ಯ, ಹಿಂದಿನ ವರ್ಷದ ವಿಜೇತರಾದ ಕೋಲ್ಕತ್ತದವರ ಮೇಲೆ, ಅವರದೇ ಅಂಗಳದಲ್ಲಿ. ನಾಯಕ ರಜತ್ ಪಾಟೀದಾರ್ ಆ ಪಟ್ಟಕ್ಕೆ ಹೊಸಬರು. ಎದುರಾಳಿಗಳ 174 ರನ್ನುಗಳನ್ನು ನಮ್ಮವರು ಇನ್ನೂ 22 ಚೆಂಡುಗಳು ಮಿಕ್ಕಿರುವಾಗಲೇ ದಾಟಿದರು. ನಾನು ಹಿಗ್ಗಲಿಲ್ಲ. ಇಂಥ ಮುಂಗಾರನ್ನು ಎಷ್ಟೋ ಕಂಡಿದ್ದೇನೆ. ಮೊದಲ ಮಳೆಗೆ ಬಿತ್ತಿ ಕೆಟ್ಟವರುಂಟು.

ಆದರೆ ಮಾರ್ಚ್ 28ರ ಪಂದ್ಯ ಚೆನ್ನೈಯ ಚೇಪಾಕದಲ್ಲಿ. ಅಲ್ಲಿ ನಮ್ಮವರು ಚೆನ್ನೈ ತಂಡವನ್ನು ಗೆದ್ದದ್ದು 2008ರ ಮೇ 21ರಂದು, 14 ರನ್ನುಗಳಿಂದ. ಆಮೇಲೆ ಹದಿನೇಳು ವರ್ಷ ಆ ಅಂಗಳ ಅವರಿಗೆ ಒಲಿದಿರಲಿಲ್ಲ. ಅಂದು ಪಾಟೀದಾರ್ ಕೊಟ್ಟ ಕ್ಯಾಚುಗಳು ಮೂರು ಸಲ ಕೈತಪ್ಪಿದವು. ಅವರು 51 ಹೊಡೆದರು. ಕೊನೆಯ ಓವರಿನಲ್ಲಿ ಟಿಮ್ ಡೇವಿಡ್ ಸಾಲಾಗಿ ಮೂರು ಸಿಕ್ಸರ್ ಎತ್ತಿದರು. ಒಟ್ಟು 196. ಚೆನ್ನೈ ಆಡಲು ಇಳಿದು 8 ರನ್ ಆಗುವಷ್ಟರಲ್ಲಿ ಹೇಜಲ್‌ವುಡ್ ಇಬ್ಬರನ್ನು ಕಳಿಸಿದ್ದರು. ಚಹದಂಗಡಿ ಮೆಲ್ಲಮೆಲ್ಲನೆ ಮೌನವಾಯಿತು. ಎಲ್ಲರೂ ಕಾದಿದ್ದ ಧೋನಿ ಒಂಬತ್ತನೆಯವರಾಗಿ ಬಂದು 16 ಚೆಂಡುಗಳಲ್ಲಿ 30 ಹೊಡೆದರು; ಅಷ್ಟು ಹೊತ್ತಿಗೆ ಪಂದ್ಯ ಕೈಮೀರಿ ಹೋಗಿತ್ತು. ಗೆಲುವು 50 ರನ್ನುಗಳದು. ಲಾರಿಯ ಮಾಲಿಕರು ನನ್ನ ಚಹದ ಹಣವನ್ನು ತಾವೇ ತೆತ್ತು, ಒಂದು ಮಾತೂ ಆಡದೆ ಎದ್ದು ಹೋದರು. ದೊಡ್ಡ ಮನುಷ್ಯರು.

ಒಂದು ವಿಚಿತ್ರವನ್ನು ಹೇಳಲೇಬೇಕು. ಅಂದು ಚೆನ್ನೈಯ ಪರವಾಗಿ ಎಲ್ಲರಿಗಿಂತ ಹೆಚ್ಚು, 41 ರನ್, ಮಾಡಿದವರು ರಚಿನ್ ರವೀಂದ್ರ – ಬೆಂಗಳೂರಿನಿಂದ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ತಂದೆತಾಯಿಯರ ಮಗ. ನಮ್ಮ ಕಡೆ 14 ಚೆಂಡುಗಳಲ್ಲಿ 27 ಹೊಡೆದ ದೇವದತ್ತ ಪಡಿಕ್ಕಲ್ ಕೇರಳದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಆಟ ಕಲಿತವರು. ನಮ್ಮ ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ನಟರಾಜನ್ ಆ ವರ್ಷ ದೆಹಲಿಯ ತಂಡದಲ್ಲಿದ್ದರು. ಯಾರು ಯಾವ ಊರಿನವರೆಂದು ಅಂಗಿಯ ಬಣ್ಣ ನೋಡಿ ಹೇಳುವ ಕಾಲ ಇದಲ್ಲ.

ಮರುದಿನ ಬೆಳಿಗ್ಗೆ ಹುಡುಗ ಅವರಪ್ಪನ ಫೋನನ್ನು ತಂದು ನನ್ನ ಮುಂದೆ ಹಿಡಿದ. ಅದರಲ್ಲಿ ‘ಈ ಸಲ ಕಪ್ ನಮ್ದೇ’ ಎಂದಿತ್ತು. “ದೊಡ್ಡಪ್ಪ, ಇದನ್ನ ಓದಿ ತೋರ್ಸಿ” ಎಂದ. ಒಂದೊಂದೇ ಅಕ್ಷರ ತೋರಿಸಿದೆ. ‘ನಮ್ದೇ’ಗೆ ಬಂದಾಗ ಬಾಯಿ ಸುಮ್ಮನಿರಲಿಲ್ಲ, ‘ನಮ್ಮದೇ’ ಎಂದಿರಬೇಕು ಎಂದೆ. “ಅಜ್ಜಿ ನಮ್ದೇ ಅಂತಾರಲ್ಲ?” ಎಂದು ಅವನು ವಾದಕ್ಕೆ ನಿಂತ. ಒತ್ತಕ್ಷರದ ಪಾಠ ಅಲ್ಲಿಂದ ಆರಂಭವಾಯಿತು. ಪಾಟೀದಾರ್, ಪಡಿಕ್ಕಲ್, ಕೃಣಾಲ್ – ಆಟಗಾರರ ಪಟ್ಟಿಯೇ ನಮ್ಮ ಪಠ್ಯಪುಸ್ತಕ. ಹೇಜಲ್‌ವುಡ್ಡನ್ನು ಬರೆಯಲು ಎರಡು ಸಂಜೆ ಹಿಡಿಯಿತು. ಅಂಗಿ ಮಾತ್ರ ಹಳದಿಯದೇ ಉಳಿಯಿತು.

ಮುಂದಿನ ಕಥೆಯನ್ನು ವಾಚಕರು ಬಲ್ಲರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನವರ ಮೇಲೆ 6 ರನ್ನುಗಳ ಗೆಲುವು, ಹದಿನೆಂಟನೆಯ ವರ್ಷಕ್ಕೆ ಕಪ್ಪು; ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನರ ಸಾವು. ಅಂದು ನಮ್ಮ ಮನೆಯಲ್ಲಿ ಆಟದ ಮಾತೇ ಏಳಲಿಲ್ಲ. ಆದುದರಿಂದ ನನ್ನ ನೆನಪು ಮತ್ತೆ ಮತ್ತೆ ಆ ಮೊದಲ ವಾರಗಳಿಗೇ ಹೋಗುತ್ತದೆ. ಏಪ್ರಿಲ್ 7ರಂದು ಮುಂಬಯಿಯ ವಾಂಖೆಡೆಯಲ್ಲಿಯೂ ಹತ್ತು ವರ್ಷಗಳ ಬಳಿಕ ಗೆದ್ದರು. ಪರಸ್ಥಳದಲ್ಲೆಲ್ಲ ಗೆಲ್ಲುವ ಈ ತಂಡ ತವರಿನಲ್ಲಿ ಮಾತ್ರ ಸೋಲುತ್ತಿತ್ತು. ಹೊರನಾಡಿನಲ್ಲಿರುವ ನನಗೆ ಅದು ಅಷ್ಟೇನೂ ದುಃಖದ ವಿಷಯವಾಗಿ ತೋರಲಿಲ್ಲ.

ಏಪ್ರಿಲ್ 10ರಂದು ಬೆಂಗಳೂರಿನಲ್ಲಿ ದೆಹಲಿಯವರು ಗೆದ್ದರು. ಗೆಲ್ಲಿಸಿದವರು ನಮ್ಮ ಕರ್ನಾಟಕದ ಕೆ. ಎಲ್. ರಾಹುಲ್, ಔಟಾಗದೆ 93. ಗೆದ್ದ ಕೂಡಲೇ ಅವರು ದಾಂಡಿನಿಂದ ನೆಲದ ಮೇಲೆ ವೃತ್ತವೊಂದನ್ನು ಎಳೆದು, ಅದರ ನಡುವೆ ದಾಂಡನ್ನು ಊರಿದರು. ಇದು ನನ್ನ ನೆಲ ಎಂದು ತೋರಿಸುವ ಬಗೆ.

“ದೊಡ್ಡಪ್ಪ, ಈಗ ನಾವು ಯಾರಿಗೆ ಚಪ್ಪಾಳೆ ತಟ್ಬೇಕು?” ಎಂದು ಹುಡುಗ ಕೇಳಿದ.

ನಾನು ರಾಹುಲನಿಗೆ ತಟ್ಟಿದೆ. ಚಹದಂಗಡಿಯವರೆಲ್ಲ ನನ್ನತ್ತ ತಿರುಗಿ ನೋಡಿದರು.